ಚಿತ್ರದ ಬೆನ್ನಿನ ಬರಹ

ಈಚೆಗೆ ನಮ್ಮ ಸಂಘದ ಹಿರಿಯರೊಬ್ಬರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಹಾರ ಹಾಕಲು ಭಾವಚಿತ್ರ ಬೇಕಾಯಿತು. ದೊರೆತದ್ದು ಕಚೇರಿಯ ಗುರುತಿನ ಚೀಟಿಯದು ಮಾತ್ರ. ದೆಹಲಿಯಲ್ಲಿ ಹಲವು ದಶಕಗಳ ಕಾಲ ಕನ್ನಡ ನಾಟಕಗಳನ್ನು ಆಡಿಸಿದ ಆ ಮನುಷ್ಯ ಅದರಲ್ಲಿರಲಿಲ್ಲ. ಸರ್ಕಾರಿ ನೌಕರನಾದ ನಾನು ಬಲ್ಲೆ: ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ, ಬಡ್ತಿ, ರಜೆ ಎಲ್ಲವೂ ಇರುತ್ತವೆ, ಬದುಕು ಇರುವುದಿಲ್ಲ.

ಆಗ ನೆನಪಾದವರು ಟಿ.ಎಸ್. ಸತ್ಯನ್ (1923–2009). ಮೈಸೂರಿನವರಾದ ಈ ಪತ್ರಿಕಾ ಛಾಯಾಗ್ರಾಹಕರು ಬಹುಕಾಲ ದೆಹಲಿಯಲ್ಲಿ ನೆಲೆಸಿ ದುಡಿದರು. 1977ರಲ್ಲಿ ಪದ್ಮಶ್ರೀ ಪಡೆದರು. ಆರ್.ಕೆ. ನಾರಾಯಣ್ ಅವರಂಥ ಗಣ್ಯರನ್ನು ಸೆರೆಹಿಡಿದ ಅವರ ಕ್ಯಾಮರಾ, ಯುನಿಸೆಫ್‌ಗಾಗಿ ಸಾಮಾನ್ಯರ ಮಕ್ಕಳನ್ನೂ ಅಷ್ಟೇ ಗೌರವದಿಂದ ಕಂಡಿತು. ಚಿತ್ರ ತೆಗೆದು ಅವರು ಸುಮ್ಮನಾಗಲಿಲ್ಲ. 2005ರಲ್ಲಿ ಬಂದ 'ಅಲೈವ್ ಅಂಡ್ ಕ್ಲಿಕಿಂಗ್' ಎಂಬ ನೆನಪುಗಳ ಪುಸ್ತಕದಲ್ಲಿ ತಾವು ಕಂಡವರ ಕಥೆಯನ್ನೂ ಹೇಳಿದರು. ಚಿತ್ರ ಮುಖವನ್ನು ಉಳಿಸುತ್ತದೆ; ಆ ಮುಖ ಯಾರದು, ಏಕೆ ನೆನೆಯಬೇಕು ಎಂಬುದನ್ನು ಮಾತೇ ಹೇಳಬೇಕು.

ಸಂಘದ ಕಪಾಟಿನಲ್ಲಿ ಹಳೆಯ ಚಿತ್ರಗಳ ಪೆಟ್ಟಿಗೆಯೊಂದಿದೆ. ಹೆಚ್ಚಿನವುಗಳ ಬೆನ್ನಮೇಲೆ ಹೆಸರಿಲ್ಲ, ಇಸವಿಯಿಲ್ಲ. ಗುರುತಿಸಬಲ್ಲವರಾಗಿದ್ದ ಆ ಹಿರಿಯರೊಡನೆ ಒಂದು ಸಂಜೆ ಕೂರಬೇಕೆಂದು ವರ್ಷಗಟ್ಟಲೆ ಮುಂದೂಡಿದವನು ನಾನೇ. ಈ ತಪ್ಪಿಗೆ ಸಮಜಾಯಿಷಿಯಿಲ್ಲ.

ಇಂದು ಎಲ್ಲರ ಜೇಬಿನಲ್ಲೂ ಕ್ಯಾಮರಾ ಇದೆ, ಇಲ್ಲದಿರುವುದು ವ್ಯವಧಾನ. ಮುಂದಿನ ಸಂಚಿಕೆಯಿಂದ ಹೊರನಾಡಿನಲ್ಲಿ ಕನ್ನಡವನ್ನು ಬಾಳಿದ ಹಿರಿಯರೊಬ್ಬರ ಚಿತ್ರ ಹಾಗೂ ಜೀವನಕಥೆ ಈ ಪುಟಗಳಲ್ಲಿ ಬರಲಿದೆ. ಪದವಿ, ಪ್ರಶಸ್ತಿಗಳು ಅದಕ್ಕೆ ಅರ್ಹತೆಯಲ್ಲ. ಓದುಗರು ನೆರವಾಗಬೇಕು. ಹಾರ ಹಾಕುವ ದಿನಕ್ಕಾಗಿ ಅಲ್ಲ, ಅವರೊಡನೆ ಕಾಫಿ ಕುಡಿಯುತ್ತ ಕೇಳಬಹುದಾದ ಇಂದೇ.