ಕತ್ತಲೆ ಕೋಣೆಯೂ ನಮ್ಮ ನಾಲ್ಕು ತಾಲ್ಲೂಕುಗಳೂ

ಕಾಲ ಮುಗಿಯಿತೆಂದು ಜಗತ್ತು ಕೈತೊಳೆದುಕೊಂಡಿದ್ದ ಫಿಲ್ಮ್ ಛಾಯಾಗ್ರಹಣವು ಮತ್ತೆ ತಲೆಯೆತ್ತುತ್ತಿರುವುದು. 2012ರ ಜನವರಿಯಲ್ಲಿ ದಿವಾಳಿಯೆಂದು ನ್ಯಾಯಾಲಯದ ಮೊರೆಹೊಕ್ಕ ಅಮೆರಿಕೆಯ ಕೊಡಾಕ್ ಕಂಪೆನಿಯೇ, ತಾನು ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮರಳಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ಜಪಾನಿನ ಫ್ಯೂಜಿ ಕಂಪೆನಿಯವರು ಅಕ್ರೋಸ್ ಎಂಬ ಕಪ್ಪು ಬಿಳುಪಿನ ಫಿಲ್ಮಿಗೆ ಪುನರ್ಜನ್ಮ ಕೊಟ್ಟರು. 2023ರಲ್ಲಿ ಇಂಗ್ಲೆಂಡಿನ ಹಾರ್ಮನ್ ಸಂಸ್ಥೆಯು ಹೊಸದೊಂದು ಬಣ್ಣದ ಫಿಲ್ಮನ್ನು ಹೊರತಂದಿತು. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಸ ಫಿಲ್ಮ್ ಕ್ಯಾಮೆರಾವೇ ಬಂದಿತು. ಇದನ್ನು ಸಿರಿವಂತ ನಗರಗಳ ವಿನೋದವೆಂದು ನಮ್ಮ ಕಡೆಯ ಜನರು ಕಡೆಗಣಿಸಬಹುದು. ಹಾಗೆ ಕಡೆಗಣಿಸಕೂಡದೆಂಬುದು ನಮ್ಮ ಅಭಿಪ್ರಾಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂತಹ ಪೇಟೆಗಳಲ್ಲಿ ಡಾರ್ಕ್ ರೂಮೆಂಬುದು ಎಂದೂ ಶೋಕಿಯ ವಸ್ತುವಾಗಿರಲಿಲ್ಲ. ಅದು ಒಂದು ಕಸುಬಿನ ಮನೆಯಾಗಿದ್ದಿತು. ಸ್ಟುಡಿಯೋದ ಹಿಂಬದಿಯ ಇಕ್ಕಟ್ಟಾದ ಕೋಣೆ, ಕೆಂಪು ದೀಪ, ಮೂರು ತಟ್ಟೆಗಳು, ಹೈಪೊವಿನ ವಾಸನೆ: ಇಷ್ಟರಲ್ಲಿಯೇ ನಾಡಿನ ಜನರ ಮುಖಗಳು ಕಾಗದದ ಮೇಲೆ ಮೂಡಿದವು. ಶಾಲೆಯ ಗುಂಪುಚಿತ್ರ, ಮದುವೆಯ ಚಿತ್ರ, ಅರ್ಜಿಗೆ ಅಂಟಿಸುವ ಚಿತ್ರ, ತೀರಿಹೋದ ಹಿರಿಯರ ಗೋಡೆಯ ಚಿತ್ರ, ಎಲ್ಲವೂ ಅಲ್ಲಿಂದಲೇ ಬಂದವು. ಚರಿತ್ರೆಕಾರರು ಶಿರೆಯ ಮಲಿಕ್ ರಿಹಾನನ ಗೋರಿಯನ್ನೂ ಮಧುಗಿರಿಯ ಏಕಶಿಲೆಯ ಕೋಟೆಯನ್ನೂ ಬಲ್ಲರು. ಆದರೆ ಸಂತೆಗೆ ಬಂದ ರೈತನ, ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳ ದಾಖಲೆಯೆಂಬುದು ಎಲ್ಲಿಯಾದರೂ ಉಳಿದಿದ್ದರೆ ಅದು ಆ ಸ್ಟುಡಿಯೋಗಳ ನೆಗೆಟಿವುಗಳಲ್ಲಿ ಮಾತ್ರ.

ಆ ನೆಗೆಟಿವುಗಳ ಗತಿಯೇನು? ಡಿಜಿಟಲ್ ಕ್ಯಾಮೆರಾ ಬಂದ ಬಳಿಕ ಕತ್ತಲೆ ಕೋಣೆಯು ಕಂಪ್ಯೂಟರಿನ ಕೋಣೆಯಾಯಿತು. ಮಾಲೀಕರು ಕಾಲವಾದಾಗ ಮಕ್ಕಳು ಅಂಗಡಿಯನ್ನು ಖಾಲಿ ಮಾಡುವರು. ಪೆಟ್ಟಿಗೆಗಳು ಗುಜರಿಗೆ ಹೋಗುವುವು. ಮನೆಯಲ್ಲಿಯೇ ಉಳಿದವಕ್ಕೂ ಕ್ಷೇಮವಿಲ್ಲ. ಅಸಿಟೇಟಿನ ಫಿಲ್ಮು ನಮ್ಮ ಬೇಸಿಗೆಯ ಧಗೆಯಲ್ಲಿ ಹುಳಿತು, ವಿನಿಗರಿನ ವಾಸನೆ ಹೊಡೆದು, ಸುಕ್ಕುಗಟ್ಟಿ ನಾಶವಾಗುತ್ತದೆ. ಮೊಬೈಲಿನಲ್ಲಿ ಸಾವಿರಾರು ಚಿತ್ರಗಳಿರುವಾಗ ಇವುಗಳ ಹಂಗೇಕೆಂದು ಕೇಳುವವರುಂಟು. ಆ ಸಾವಿರಾರು ಚಿತ್ರಗಳು ಮೊಬೈಲು ಕೆಟ್ಟ ದಿನವೇ ಇಲ್ಲವಾಗಬಹುದು. ನೆಗೆಟಿವನ್ನಾದರೋ ಬೆಳಕಿಗೆ ಹಿಡಿದರೆ ಸಾಕು, ಯಾವ ಯಂತ್ರದ ನೆರವೂ ಇಲ್ಲದೆ ಕಾಣುತ್ತದೆ. ಅದರಿಂದ ಉತ್ತಮ ಮುದ್ರಣವನ್ನು ತೆಗೆಯಬಲ್ಲ ಕೈಗಳು ಇನ್ನೂ ನಮ್ಮ ಪೇಟೆಗಳಲ್ಲಿವೆ, ಆದರೆ ಅವು ವೃದ್ಧರ ಕೈಗಳು. ಇನ್ನು ಹತ್ತು ವರ್ಷಗಳು ಕಳೆದರೆ ಕಲಿಸುವವರೇ ಇರಲಾರರು.

ಈ ವಿಷಯದಲ್ಲಿ ದೇಶವು ಒಮ್ಮೆ ಕೈಜಾರಿಸಿಕೊಂಡಿದೆ. 1960ರಲ್ಲಿ ಭಾರತ ಸರ್ಕಾರದವರು ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯನ್ನು ಸ್ಥಾಪಿಸಿದರು. ಫ್ರಾನ್ಸಿನ ಬೌಷೆ ಕಂಪೆನಿಯ ಸಹಕಾರದಿಂದ 1967ರಲ್ಲಿ ಅಲ್ಲಿ ಉತ್ಪಾದನೆ ಮೊದಲಾಯಿತು. 'ಇಂದು' ಎಂಬ ಅಂಕಿತದ ಅಲ್ಲಿಯ ಫಿಲ್ಮು ಮತ್ತು ಕಾಗದಗಳು ದೇಶದ ಮೂಲೆಮೂಲೆಯ ಸ್ಟುಡಿಯೋಗಳಿಗೆ ತಲುಪಿದವು. ಕಳೆದ ದಶಕದಲ್ಲಿ ಆ ಕಾರ್ಖಾನೆಯು ಬಾಗಿಲು ಮುಚ್ಚಿತು. ಜಗತ್ತು ಫಿಲ್ಮಿನ ಕಡೆಗೆ ತಿರುಗಿ ನೋಡುತ್ತಿರುವ ಹೊತ್ತಿಗೆ ನಾವು ಸುರುಳಿ ಸುರುಳಿಗೂ ಪರದೇಶವನ್ನು ಆಶ್ರಯಿಸಬೇಕಾಗಿದೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿಗಳಿದ್ದಿತು. 36 ಚಿತ್ರಗಳ ಒಂದು ಪರದೇಶದ ಸುರುಳಿಯು ಅದಕ್ಕಿಂತ ಹೆಚ್ಚಿನ ಬೆಲೆಯದು. ಇಂತಹ ಸ್ಥಿತಿಯಲ್ಲಿ ಬಡ ವಿದ್ಯಾರ್ಥಿಯು ಈ ಕಲೆಯನ್ನು ಕಲಿಯುವುದೆಂತು?

ಬೆಲೆಗಿಂತಲೂ ದೊಡ್ಡ ತೊಡಕು ನೀರಿನದು. ಪಾವಗಡದ ಕೊಳವೆ ಬಾವಿಗಳ ಫ್ಲೋರೈಡು ನಮ್ಮ ಓದುಗರಿಗೆ ಹೊಸ ಸಂಗತಿಯಲ್ಲ. ಗಡಸು ನೀರಿನಲ್ಲಿ ತೊಳೆದ ಫಿಲ್ಮಿನ ಮೇಲೆ ಸುಣ್ಣದ ಕಲೆಗಳು ನಿಲ್ಲುವುವು. ಡೆವಲಪರಿಗೆ ವಾಡಿಕೆಯಾಗಿ ಹೇಳುವ ಉಷ್ಣತೆ 20 ಡಿಗ್ರಿ. ವೈಶಾಖದಲ್ಲಿ ನಮ್ಮ ತೊಟ್ಟಿಗಳ ನೀರು ಅದನ್ನು ಬಹಳ ಮೀರುವುದು. ಹರಿಯುವ ನೀರಿನಲ್ಲಿ ತೊಳೆಯುವ ಹಳೆಯ ಪದ್ಧತಿಗೆ ಕೊಡಗಟ್ಟಲೆ ನೀರು ಬೇಕು. ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಇದನ್ನು ಯಾರೂ ಸಮರ್ಥಿಸಲಾರರು.

ಆದರೆ ಇದಕ್ಕೆ ಉಪಾಯಗಳಿಲ್ಲದಿಲ್ಲ. ಪಟಿಕ ಬೆರೆಸದ ಹೈಪೊ ಬಳಸಿದರೆ, ಡಬ್ಬಿಯನ್ನು ಮೂರು ಸಲ ನೀರು ತುಂಬಿ ಕ್ರಮವಾಗಿ 5, 10, 20 ಬಾರಿ ಮಗುಚಿದರೆ ಸಾಕೆಂದು ಇಲ್‌ಫರ್ಡ್ ಕಂಪೆನಿಯವರು ತೋರಿಸಿಕೊಟ್ಟಿದ್ದಾರೆ. ಒಂದು ಸುರುಳಿಗೆ ಹೆಚ್ಚು ಕಡಿಮೆ ಒಂದು ಲೀಟರು ನೀರು. ಕಡೆಯ ತೊಳೆತಕ್ಕೆ ಹಿಡಿದಿಟ್ಟ ಮಳೆಯ ನೀರು, ತಂಪಿಗೆ ಮಣ್ಣಿನ ಹೂಜಿ, ಕೆಲಸಕ್ಕೆ ಇರುಳಿನ ಹೊತ್ತು. ಡೆವಲಪರನ್ನೂ ಹೊರಗಿನಿಂದ ಕೊಳ್ಳಬೇಕಾಗಿಲ್ಲ. ಜಗತ್ಪ್ರಸಿದ್ಧವಾದ ಡಿ-76 ಎಂಬುದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ, ಇಷ್ಟೇ. ತಕ್ಕಡಿಯೂ ಎಚ್ಚರಿಕೆಯೂ ಇದ್ದರೆ ಯಾರಾದರೂ ಕಲಸಿಕೊಳ್ಳಬಹುದು. ಬಳಸಿದ ಹೈಪೊವಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಮಾತ್ರ ಮೋರಿಗೂ ಬಾವಿಯ ಬಳಿಗೂ ಸುರಿಯಕೂಡದು. ಉಕ್ಕಿನ ನಾರನ್ನು ಅದರಲ್ಲಿ ಮುಳುಗಿಸಿಟ್ಟರೆ ಬೆಳ್ಳಿಯು ಕೆಳಗಿಳಿಯುತ್ತದೆ.

ಇಷ್ಟೆಲ್ಲ ವ್ಯವಸ್ಥೆಯನ್ನು ಒಂದೊಂದು ಮನೆಯವರೂ ಪ್ರತ್ಯೇಕವಾಗಿ ಮಾಡಿಕೊಳ್ಳಲೆಂಬುದು ನಮ್ಮ ಸೀಮೆಯಲ್ಲಿ ನಡೆಯುವ ಮಾತಲ್ಲ. ಮನೆಗೊಂದು ಡಾರ್ಕ್ ರೂಮಿಗಿಂತ ಊರಿಗೊಂದು ಡಾರ್ಕ್ ರೂಮೇ ಇಲ್ಲಿಗೆ ತಕ್ಕುದು. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಆ ಇಲಾಖೆಯ ಅಧಿಕಾರಿಗಳು ತಾಲ್ಲೂಕು ಕೇಂದ್ರದ ಒಂದೊಂದು ಪ್ರೌಢಶಾಲೆಯಲ್ಲಿ ಒಂದು ಕೋಣೆಯನ್ನೂ ಒಂದು ಹಳೆಯ ಎನ್ಲಾರ್ಜರನ್ನೂ ಒದಗಿಸಿದರೆ, ರಸಾಯನಶಾಸ್ತ್ರದ ಪಾಠವು ಹಲಗೆಯಿಂದ ಕೈಗೆ ಇಳಿಯುವುದು. ಊರಿನ ಹಿರಿಯ ಫೋಟೋಗ್ರಾಫರರನ್ನು ಗೌರವಧನ ಕೊಟ್ಟು ಗುರುಗಳನ್ನಾಗಿ ಕರೆಯಬೇಕು. ಸ್ಟುಡಿಯೋಗಳ ನೆಗೆಟಿವುಗಳನ್ನು ಪಡೆದು, ಹೆಸರು ವರ್ಷಗಳನ್ನು ಬರೆದಿಟ್ಟು, ಮುದ್ರಿಸಿ ಕಾಪಾಡುವುದು ಆ ಕೋಣೆಯ ಮೊದಲ ಕರ್ತವ್ಯವಾಗಬೇಕು. ಫಿಲ್ಮಿಗೆ ಹಣವಿಲ್ಲದ ಶಾಲೆಗಳು 1842ರಲ್ಲಿ ಹರ್ಷೆಲ್ ಪಂಡಿತನು ಕಂಡುಹಿಡಿದ ನೀಲಿ ಮುದ್ರಣದಿಂದ ಆರಂಭಿಸಬಹುದು. ಅದಕ್ಕೆ ಬೇಕಾದುದು ಬಿಸಿಲು ಮತ್ತು ಸ್ವಲ್ಪ ನೀರು. ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಡೆಸುವ ಪಾವಗಡದಲ್ಲಿ ಬಿಸಿಲಿಗೆ ಬರವಿಲ್ಲ.

ಸರ್ಕಾರಕ್ಕೆ ಇಂತಹ ಕೆಲಸವೇಕೆಂದು ಕೇಳುವವರಿಗೆ ನಾಡಿನ ಅನುಭವವೇ ಉತ್ತರವಾಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಕಲಿತ ವಿ. ಕೆ. ಮೂರ್ತಿಯವರು ಮುಂದೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಒಂದು ಪಾಠಶಾಲೆಯ ಬಾಗಿಲು ತೆರೆದಿದ್ದುದರ ಫಲವದು. ಮೈಸೂರಿನ ಟಿ. ಎಸ್. ಸತ್ಯನ್ ಅವರು ಫಿಲ್ಮಿನ ಮೇಲೆ ಹಿಡಿದಿಟ್ಟ ಸಾಮಾನ್ಯ ಜನರ ಬಾಳು ಇಂದು ದೇಶದ ಸ್ವತ್ತೆಂದು ಎಣಿಸಲ್ಪಟ್ಟಿದೆ. ನಮ್ಮ ಪೇಟೆಗಳ ಹೆಸರಿಲ್ಲದ ಫೋಟೋಗ್ರಾಫರರು ಹಿಡಿದಿಟ್ಟ ಬಾಳೂ ಅಷ್ಟೇ ಬೆಲೆಯುಳ್ಳದ್ದು.

ದೊಡ್ಡ ಕಾರ್ಖಾನೆಯನ್ನು ಕಳೆದುಕೊಂಡೆವು. ಅದನ್ನು ಮರಳಿ ಪಡೆಯುವುದು ನಾಲ್ಕು ತಾಲ್ಲೂಕುಗಳ ಕೈಯಲ್ಲಿಲ್ಲ. ನಾಲ್ಕು ಕೋಣೆಗಳನ್ನು ಕತ್ತಲೆ ಮಾಡುವುದು ನಮ್ಮ ಕೈಯಲ್ಲಿದೆ. ಶಿಕ್ಷಣ ಇಲಾಖೆಯವರೂ ಪುರಸಭೆಗಳ ಸದಸ್ಯರೂ ಈ ಬೇಸಿಗೆಗೆ ಮುಂಚೆಯೇ ಮನಸ್ಸು ಮಾಡುವರೆಂದು ಆಶಿಸುತ್ತೇವೆ. ಅಲ್ಲಿಯವರೆಗೆ, ಮನೆಯ ಅಟ್ಟದಲ್ಲಿ ನೆಗೆಟಿವುಗಳ ಪೆಟ್ಟಿಗೆಯುಳ್ಳ ಮಹನೀಯರು ಅದನ್ನು ಗುಜರಿಯವನಿಗೆ ತೂಗಿ ಕೊಡದಿರಲೆಂದು ಬೇಡುತ್ತೇವೆ.