ಹಳೇ ಬೆಡ್ಡಿಗೆ ಹೊಸ ಸಸಿ: ಉಳಿದದ್ದೇನು?

ನಮ್ಮ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೇಟೊ ಮುಗಿದ ಕೂಡಲೇ ಅದೇ ಬೆಡ್ಡಿನ ಅದೇ ಪೇಪರ್ ತೂತಿಗೆ ಮತ್ತೆ ಸಸಿ ಇಡುವವರಿದ್ದಾರೆ. ಉಳುಮೆ ಖರ್ಚು ಉಳೀತಲ್ಲ ಅನ್ನುತ್ತಾರೆ. ನಾನೂ ಹಾಗೇ ಮಾಡಿದವನು. ಕಾಯಿ ಕಚ್ಚುವ ಹೊತ್ತಿಗೆ ಹಸಿರು ಗಿಡ ನಿಂತಲ್ಲೇ ಜೋಲು ಬಿತ್ತು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಉಳಿಸಿದ್ದಕ್ಕಿಂತ ಔಷಧಿಗೆ ಸುರಿದದ್ದೇ ಹೆಚ್ಚಾಯಿತು.

ತಪ್ಪು ಬೆಡ್ಡಿನದಲ್ಲ, ಬೆಳೆ ಬದಲಿಸದ ನಮ್ಮದು. ಸೊರಗುರೋಗದ ರೋಗಾಣು, ಬೇರುಗಂಟಿನ ಜಂತುಹುಳು ಎರಡೂ ಮಣ್ಣಲ್ಲೇ ಕಾದಿರುತ್ತವೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಟೊಮೇಟೊದ ದಾಯಾದಿಗಳೇ. ಅವನ್ನು ಹಾಕಿದರೆ ಬೆಳೆ ಬದಲಿಸಿದ ಹಾಗಾಗಲಿಲ್ಲ. ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ದುಂಡಾಣು ಸೊರಗು ತಡೆಯುವ ಶಕ್ತಿ ಇದೆ, ನಿಜ. ಆದರೆ ತಳಿ ನಂಬಿ ಮಣ್ಣು ಮರೆಯಬಾರದು.

ಹಳೇ ಪೇಪರ್, ಬೇರು ಸಮೇತ ಗಿಡ ಎಲ್ಲಾ ಹೊಲದಿಂದಾಚೆ ಸಾಗಿಸಿ. ಬೆಡ್ ಒಡೆದು ಬೇಸಿಗೆ ಬಿಸಿಲಿಗೆ ಎರಡು ಸಲ ಉಳಿ. ಮಳೆ ಬಿದ್ದಾಗ ರಾಗಿಯೋ ಚೆಂಡುಹೂವೋ ಹಾಕಿ. ಇಲ್ಲವೇ ಅಪ್ಸೆಣಬು ಬಿತ್ತಿ, ಹೂ ಬರುವಾಗ ಮಣ್ಣಿಗೆ ಸೇರಿಸಿ. ಆಮೇಲೆ ಕಳಿತ ತಿಪ್ಪೆಗೊಬ್ಬರ, ಬೇವಿನ ಹಿಂಡಿ ಕೊಟ್ಟು ಹೊಸದಾಗಿ ಬೆಡ್ ಕಟ್ಟಿ.

ಹಿಂದೆ ಕೆರೆ ಗೋಡು ಹೊಡೆಯುತ್ತಿದ್ದೆವು. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ನಿಂತ ಕೆರೆಗಳಲ್ಲಿ ಗೋಡು ತೆಗೆಯೋದೆಲ್ಲಿಂದ? ಹಾಗಾಗಿ ಕೊಟ್ಟಿಗೆಯಲ್ಲಿ ಎರಡು ದನ ಇದ್ದರೇನೇ ಬೆಡ್ಡಿಗೆ ಜೀವ.

ಒಂದೆಕರೆಯವನು ಫಸಲು ಬಿಟ್ಟು ಬದುಕೋದು ಹೇಗೆ ಅಂತೀರಿ. ಪೂರಾ ಬಿಡಬೇಡಿ. ಹತ್ತು ಗುಂಟೆಯಂತೆ ಸರದಿಯಲ್ಲಿ ಬದಲಿಸಿ. ಸಾವಿರ ಅಡಿ ಕೊರೆದು ನೀರು ತರುವ ನಮಗೆ, ಮೇಲಿನ ಒಂದಡಿ ಮಣ್ಣು ಕಾಯೋದು ಕಷ್ಟವೇ?