ಚಿಗರಿಯನ್ನು ಕಾಯುವವರು

ಮಕ್ಕಳೇ, ಆದೋನಿಯಿಂದ ಆಸ್ಪರಿ, ಆಲೂರಿನ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದ್ದೀರಾ? ಮಳೆ ಬಿದ್ದು ಎರೆ ಹೊಲಗಳು ಹಸಿರಾದ ಮೇಲೆ ಅಲ್ಲಿ ಚಿಗರಿಗಳ ಹಿಂಡು ಕಾಣಿಸುವುದುಂಟು. ಇದಕ್ಕೆ ಕೃಷ್ಣಮೃಗ ಎಂಬ ಹೆಸರೂ ಇದೆ. ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ಹುರಿ ಮಾಡಿದ ಹಗ್ಗದಂತೆ. ಹೆಣ್ಣಿನ ಮೈ ತಿಳಿ ಕಂದು. ನಾವು ಇದನ್ನು ಜಿಂಕೆ ಎಂದೂ ಕರೆಯುತ್ತೇವೆ. ಆದರೆ ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ಕೊಂಬು ಉದುರುವುದಿಲ್ಲ. ಇದು ನಮ್ಮ ಆಂಧ್ರಪ್ರದೇಶದ ರಾಜ್ಯಪ್ರಾಣಿ.

ಹಿಂದೆ ನಮ್ಮ ದೇಶದ ಬಯಲುಗಳಲ್ಲಿ ಚಿಗರಿಗಳು ಲೆಕ್ಕವಿಲ್ಲದಷ್ಟು ಇದ್ದವು. ರಾಜರು ಬೇಟೆಯಾಡಿದರು. ಬಂದೂಕು, ಜೀಪು ಬಂದ ಮೇಲೆ ಬೇಟೆ ಇನ್ನೂ ಸುಲಭವಾಯಿತು. ಪಾಕಿಸ್ತಾನ, ಬಾಂಗ್ಲಾದೇಶಗಳ ಕಾಡುಮೇಡುಗಳಲ್ಲಿ ಇವು ಅಳಿದೇ ಹೋದವು. ನಮ್ಮಲ್ಲಿ 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವಕ್ಕೆ ಆಸರೆಯಾಯಿತು. ಚಿಗರಿಯನ್ನು ಕೊಂದವರಿಗೆ ಕನಿಷ್ಠ 3 ವರ್ಷ ಸೆರೆಮನೆ. 1988 ರಲ್ಲಿ ಆಗಿನ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ ಒಂದು ಅಭಯಾರಣ್ಯ ಏರ್ಪಟ್ಟಿತು. ಅದನ್ನು ಮಾಡಿದ್ದು ಎರ್ಲಡ್ಡು ಎಂಬ ದೊಡ್ಡ ಹಕ್ಕಿಗಾಗಿ. ಆ ಹಕ್ಕಿ ಈಗ ಅಲ್ಲಿ ಕಾಣುವುದೇ ಅಪರೂಪ. ಅದೇ ಹುಲ್ಲಿನಲ್ಲಿ ಮೇಯ್ದ ಚಿಗರಿಗಳು ಮಾತ್ರ ಹೆಚ್ಚಿದವು.

ಪ್ರಾಣಿಗಳನ್ನು ಉಳಿಸಿದವರಿಗೆ ನಮ್ಮ ದೇಶ ಗೌರವ ಸಲ್ಲಿಸಿದೆ. ಪಕ್ಷಿಗಳ ಬಗ್ಗೆ ಜೀವನವಿಡೀ ಅಧ್ಯಯನ ಮಾಡಿದ ಸಲೀಂ ಅಲಿ ಅವರಿಗೆ 1976 ರಲ್ಲಿ ಪದ್ಮವಿಭೂಷಣ ದೊರೆಯಿತು. ಕರ್ನಾಟಕದ ಹುಲಿ ತಜ್ಞ ಉಲ್ಲಾಸ ಕಾರಂತರಿಗೆ 2012 ರಲ್ಲಿ ಪದ್ಮಶ್ರೀ ಬಂದಿತು. ರಾಜಮಹೇಂದ್ರಿಯಲ್ಲಿ ಹುಟ್ಟಿ ಕರ್ನಾಟಕದಲ್ಲಿ ಅರಣ್ಯಾಧಿಕಾರಿಯಾಗಿದ್ದ ಪಿ. ಶ್ರೀನಿವಾಸ್ ಅವರನ್ನು ಕಾಡುಗಳ್ಳ ವೀರಪ್ಪನ್ 1991 ರ ನವೆಂಬರ್ 10 ರಂದು ಕೊಂದನು. ಅವರಿಗೆ ಮರಣದ ನಂತರ ಕೀರ್ತಿಚಕ್ರ ನೀಡಲಾಯಿತು. ಇವೆಲ್ಲ ತಕ್ಕ ಗೌರವಗಳೇ. ಆದರೆ ಬೇಸಿಗೆಯಲ್ಲಿ ತೊಟ್ಟಿಗೆ ನೀರು ತುಂಬಿಸುವವರು ಯಾರು? ಉರುಲು ಹುಡುಕಿ ಕೀಳುವವರು, ಬಾವಿಗೆ ಬಿದ್ದ ಮರಿಯನ್ನು ಹಗ್ಗ ಕಟ್ಟಿ ಎತ್ತುವವರು ಯಾರು? ಅರಣ್ಯ ಇಲಾಖೆಯ ಕಾವಲುಗಾರರು. ಅವರಲ್ಲಿ ಎಷ್ಟೋ ಜನ ದಿನಗೂಲಿಯವರು. ಸನ್ಮಾನದ ಶಾಲು ಅವರ ಹೆಗಲಿಗೂ ಬರಬೇಕು. ಶಾಲಿಗಿಂತ ಮೊದಲು ತಿಂಗಳು ತಿಂಗಳು ತಪ್ಪದೆ ಕೂಲಿ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೂ ಒಬ್ಬರಿದ್ದಾರೆ. ಅವರನ್ನು ಯಾವ ಸಭೆಗೂ ಕರೆಯುವುದಿಲ್ಲ. ಹುಲಿಗೆ ದಟ್ಟ ಕಾಡು ಬೇಕು. ಚಿಗರಿಗೆ ಬಯಲೇ ಬೇಕು. ದೂರದಿಂದ ಶತ್ರುವನ್ನು ಕಂಡು ಓಡುವುದೇ ಅದರ ಬಲ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನಮ್ಮ ಕಡೆ ಆ ಬಯಲೆಲ್ಲ ಈಗ ಹೊಲವಾಗಿದೆ. ಆದ್ದರಿಂದ ಆಲೂರು, ಆಸ್ಪರಿ, ಹೊಳಗುಂದದ ಕಡೆ ಚಿಗರಿಗಳು ಹತ್ತಿ, ಶೇಂಗಾ, ಕಡಲೆಯ ಎಳೆ ಸಸಿಗಳನ್ನು ಮೇಯುತ್ತವೆ. ರೈತರು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ, ಡಬ್ಬ ಬಡಿಯುತ್ತಾರೆ, ರಾತ್ರಿ ಹೊಲದಲ್ಲೇ ಮಲಗುತ್ತಾರೆ. ಮೇಯ್ದುಹೋದರೆ ಸಾಲ ಮಾಡಿ ಮತ್ತೆ ಬೀಜ ತರಬೇಕು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಹೀಗೆ ಆಗಿರಬಹುದು.

ಇಷ್ಟಾದರೂ ಹೆಚ್ಚಿನ ರೈತರು ವಿಷ ಇಡಲಿಲ್ಲ, ಓಡಿಸಿ ಸುಮ್ಮನಾದರು. ಕಾಯಿದೆಯ ಭಯವೂ ಇರಬಹುದು, ಇರಲಿ. ಚಿಗರಿ ಉಳಿದದ್ದು ಅವರ ಹೊಲದಲ್ಲಿ, ಅವರ ಬೆಳೆ ತಿಂದು. ರಾಜ್ಯಪ್ರಾಣಿಯನ್ನು ಸಾಕುವ ಖರ್ಚನ್ನು ರಾಜ್ಯವೇ ಕೊಡುವುದು ನ್ಯಾಯ. ಬೆಳೆ ಹೋದವರಿಗೆ ಪರಿಹಾರದ ಹಣ ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕು. ತಡವಾಗಿ ಬಂದ ಹಣದಿಂದ ಆ ಹಂಗಾಮಿನ ಬೀಜ ಕೊಳ್ಳಲಾಗುವುದಿಲ್ಲ.

ಪ್ರತಿ ವರ್ಷ ಅಕ್ಟೋಬರ್ 2 ರಿಂದ 8 ರವರೆಗೆ ವನ್ಯಜೀವಿ ಸಪ್ತಾಹ ನಡೆಯುತ್ತದೆ. ಈ ಸಲ ನಿಮ್ಮ ಗುರುಗಳನ್ನು ಕೇಳಿ, ಒಬ್ಬ ಕಾವಲುಗಾರರನ್ನೂ ಒಬ್ಬ ರೈತರನ್ನೂ ಶಾಲೆಗೆ ಕರೆಸಿರಿ. ಇಬ್ಬರನ್ನೂ ಒಂದೇ ಸಾಲಿನ ಕುರ್ಚಿಯಲ್ಲಿ ಕೂರಿಸಿರಿ. ಕಾವಲುಗಾರರನ್ನು, "ಚಿಗರಿಗಳನ್ನು ಹೇಗೆ ಎಣಿಸುತ್ತೀರಿ?" ಎಂದು ಕೇಳಿರಿ. ರೈತರನ್ನು, "ಈ ವರ್ಷ ಒಂದೇ ಹೊಲವನ್ನು ಎಷ್ಟು ಸಲ ಬಿತ್ತಿದಿರಿ?" ಎಂದು ಕೇಳಿರಿ.